ಬಾಗಿಲ ಬೆಳಕಿಗೆ ಹಿಡಿದು ನೋಡಿದರೆ

ಯಾರಾದರೂ ಫೋಟೊ ಕಳಿಸಿ ‘ಹೇಗಿದೆ ಹೇಳಿ’ ಎಂದರೆ ಹೇಗಿದೆಯೋ ಹಾಗೆಯೇ ಹೇಳಿಬಿಡುವುದು ನನ್ನ ದೊಡ್ಡ ದುರ್ಗುಣ. ಇದಕ್ಕೆ ನಾನು ಊರನ್ನೇ ಹೊಣೆ ಮಾಡುತ್ತೇನೆ. ನಮ್ಮ ಮೊಳಕಾಲ್ಮೂರಿನ ಹತ್ತಿರದ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕ ಬಂಡೆಯ ಮೇಲೆ ಶಾಸನ ಬರೆಸಿದ್ದಾನೆ. ತಂದೆತಾಯಿಯ ಮಾತು ಕೇಳಿ, ಸತ್ಯವನ್ನೇ ನುಡಿಯಿರಿ ಎಂಬುದು ಅದರ ಸಾರವಂತೆ. ಮೊದಲನೆಯದರಲ್ಲಿ ನಾನು ಹೇಗೋ ಏನೋ, ಎರಡನೆಯದನ್ನಂತೂ ಚಾಚೂ ತಪ್ಪದೆ ಪಾಲಿಸುತ್ತಾ ಬಂದಿದ್ದೇನೆ.

ಹೊಟ್ಟೆಪಾಡಿನ ಜಾಗದಲ್ಲಿ ಮಾತ್ರ ಈ ಗುಣಕ್ಕೆ ಬೀಗ. ನಮ್ಮದು ರೇಷ್ಮೆ ಸೀರೆ ಅಂಗಡಿ. ಗಿರಾಕಿ ಎತ್ತಿಕೊಂಡ ಸೀರೆ ಅವರಿಗೆ ಒಪ್ಪದಿದ್ದರೂ ‘ಚೆನ್ನಾಗಿಲ್ಲ’ ಎನ್ನುವಂತಿಲ್ಲ. “ಇದೂ ಚೆಂದೈತೆ ಅಕ್ಕಾ, ಅದಾದ್ರೆ ನಿಮಗೆ ಇನ್ನೂ ಎದ್ದು ಕಾಣ್ತೈತೆ” ಎನ್ನಬೇಕು. ಇನ್ನೊಂದು ರೂಢಿ ಉಂಟು: ಟ್ಯೂಬ್‌ಲೈಟಿನ ಕೆಳಗೆ ನೋಡಿ ಸೀರೆ ಒಪ್ಪಿಕೊಳ್ಳಬಾರದು. ಸೆರಗನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿಯಬೇಕು. ಒಳಗೆ ಕುಂಕುಮದ ಬಣ್ಣವಾಗಿದ್ದದ್ದು ಬಾಗಿಲಲ್ಲಿ ಇಟ್ಟಿಗೆಯ ಬಣ್ಣವಾದದ್ದುಂಟು. ಫೋಟೊ ಬಂದರೂ ನಾನು ಮೊಬೈಲ್ ಹಿಡಿದು ಬಾಗಿಲಿಗೇ ಹೋಗುವುದು. ಕಂಪ್ಯೂಟರ್ ಮುಂದೆ ಕೂತು ಫೋಟೊ ತಿದ್ದುವ ಪಂಡಿತರು ನಗಬಹುದು, ನಗಲಿ.

ಈ ಹುಚ್ಚಿನಲ್ಲಿ ನನ್ನ ಜೊತೆಗಾತಿ ಶಿವಲೀಲಾ. ಕಾಲೇಜಿನ ಗೆಳತಿ, ಈಗ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮನೆಯ ಸೊಸೆ. ಐವತ್ತು ದಾಟಿದ ಮೇಲೆ ಇಬ್ಬರಿಗೂ ಕ್ಯಾಮೆರಾ ಮೋಹ ಹತ್ತಿತು. ಅಂಗಡಿಗೆ ರಜೆ ಇದ್ದ ದಿನ ಬೆಟ್ಟ, ದನ ಮೇಯುವ ಹುಲ್ಲಿನ ಕಾವಲು ಸುತ್ತುತ್ತೇವೆ, ಮನೆಗೆ ಬಂದು ಚಿತ್ರಗಳನ್ನು ತಿದ್ದಿ ಒಬ್ಬರಿಗೊಬ್ಬರು ಕಳಿಸುತ್ತೇವೆ. ನಮ್ಮ ಕಡೆಯವರ ಕೈಗೆ ಬಣ್ಣ ತಿದ್ದುವ ಆ್ಯಪ್ ಸಿಕ್ಕರೆ ಮೊದಲು ಮಾಡುವ ಕೆಲಸ ಹುಲ್ಲಿಗೆ ಹಸಿರು ತುಂಬುವುದು. ಪರಶುರಾಂಪುರದ ಒಣಭೂಮಿಯ ಶೇಂಗಾ ಹೊಲ ಅವರ ಮೊಬೈಲಿನಲ್ಲಿ ಭತ್ತದ ಗದ್ದೆಯಾಗಿಬಿಡುತ್ತದೆ. ಶಿವಲೀಲಾ ಹಾಗಲ್ಲ, ಅವಳ ಕೈ ಚಿನ್ನದ ಬಣ್ಣದ ಕಡೆಗೆ ವಾಲುತ್ತದೆ.

ಒಮ್ಮೆ ಚಳ್ಳಕೆರೆ ಹತ್ತಿರದ ವರವು ಕಾವಲಿನ ಸಂಜೆಯ ಚಿತ್ರವೊಂದನ್ನು ಕಳಿಸಿ “ಹೆಂಗೈತೆ ಹೇಳೇ” ಎಂದಳು. ಬಾಗಿಲಿಗೆ ಹೋಗಿ ನೋಡಿದೆ. “ಅರಿಶಿನ ಜಾಸ್ತಿ ಆಗೈತೆ ಕಣೆ, ಕಾವಲನ್ನ ಮದುವೆಗೆ ಕೂರಿಸ್ದಂಗೈತೆ” ಎಂದು ಬರೆದೆ. ಅವಳು ಅದಕ್ಕೆ ಆಗಲೇ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಳೆಂದು ನನಗೇನು ಗೊತ್ತು? ಓದಿದ ಗುರುತಿನ ನೀಲಿ ಗೀಟು ಬಂತು, ಮಾತು ಬರಲಿಲ್ಲ. ಆಮೇಲೆ ಫೋನೂ ಇಲ್ಲ.

ಅಷ್ಟರಲ್ಲಿ ನನ್ನದೇ ಒಂದು ಚಿತ್ರ ಸಿದ್ಧವಾಯಿತು. ಜಗಳಕ್ಕೆ ಮೊದಲು ಇಬ್ಬರೂ ಹೋದಾಗ ತೆಗೆದ ಜಟಿಂಗ ರಾಮೇಶ್ವರ ಬೆಟ್ಟ, ಎಳೆಬಿಸಿಲು, ಮೆಟ್ಟಿಲುಗಳ ಸಾಲು. ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಅಂಗಡಿಯ ಗೋಡೆಗೆ ಹಾಕುವ ಆಸೆ. ಎಲ್ಲರಿಗೂ ಕಳಿಸಿದೆ. ಹೆಬ್ಬೆರಳುಗಳು ಬಂದವು, ‘ಸೂಪರ್’ಗಳು ಬಂದವು. ನಮ್ಮ ಚಿಕ್ಕಪ್ಪ ‘ಓಂ ನಮಃ ಶಿವಾಯ’ ಎಂದು ಕಳಿಸಿದರು. ಶಿವನಿಗೆ ಸಂದ ಮೆಚ್ಚುಗೆಯನ್ನು ನಾನು ಇಟ್ಟುಕೊಳ್ಳುವುದು ಹೇಗೆ? ಶಿವಲೀಲಾ ಒಂದು ಮಾತು ಹೇಳದೆ ಅಚ್ಚಿಗೆ ಕಳಿಸಲು ಕೈ ಬರಲಿಲ್ಲ. ನಿಜ ಹೇಳಬೇಕೆಂದರೆ ಚಿತ್ರದ್ದು ಒಂದು ನೆಪ. ಅವಳು ಹೀಗೇ ಸುಮ್ಮನಾಗಿಬಿಟ್ಟರೆ ಇನ್ನು ಯಾರ ಜೊತೆ ಬೆಟ್ಟ ಹತ್ತಲಿ ಎಂಬ ಸಂಕಟ ನನ್ನನ್ನು ತಿನ್ನುತ್ತಿತ್ತು. ಚಳ್ಳಕೆರೆ ಬಸ್ಸು ಹತ್ತಿದೆ.

ಅವಳು ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮೊಬೈಲ್ ಇಸಿದುಕೊಂಡು ಸೀದಾ ಬಾಗಿಲಿಗೆ ನಡೆದಳು.

“ಬೆಳಕು ಚೆಂದ ಹಿಡ್ದೀಯ. ಬಂಡೆ ಬಣ್ಣ ಬಂಡೆದೇ ಐತೆ” ಎಂದಳು. ನಾನು ಉಬ್ಬಿದೆ. ಅವಳು ಎರಡು ಬೆರಳಿಂದ ಚಿತ್ರ ಹಿಗ್ಗಿಸಿದಳು. “ಮೆಟ್ಟಿಲ ಮ್ಯಾಲೆ ಈ ಕೊಡೆ ನೆರಳು ಯಾರ್ದೇ?”

ಆ ಬೆಳಿಗ್ಗೆ ಕೊಡೆ ಹಿಡಿದು, ಕೆಂಪು ಸೀರೆಯುಟ್ಟು ನನ್ನ ಮುಂದೆ ಮೆಟ್ಟಿಲು ಹತ್ತುತ್ತಿದ್ದವಳು ಅವಳೇ. ಕೆಂಪು ಇದ್ದರೆ ಕಣ್ಣು ಬೆಟ್ಟಕ್ಕೆ ಹೋಗುವುದಿಲ್ಲ ಎಂದುಕೊಂಡು ಬೆರಳಲ್ಲಿ ಉಜ್ಜಿ ಅಳಿಸಿದ್ದೆ. ಆಳು ಹೋಗಿತ್ತು, ನೆರಳು ಅಲ್ಲೇ ಉಳಿದಿತ್ತು.

“ಸಿಟ್ಟಿಗೆ ನನ್ನ ಅಳಿಸಿದ್ಯಾ?”

“ಸಿಟ್ಟು ಯಾತಕ್ಕೆ? ಸೀರೆ ಕೆಂಪು ಕಣ್ಣಿಗೆ ಹೊಡೀತಿತ್ತು ಕಣೆ.”

“ಆ ಸೀರೆ ಕೊಟ್ಟೋಳು ನೀನೇ. ಬಾಗಿಲಿಗೆ ಕರ್ಕೊಂಡ್ಹೋಗಿ ತೋರ್ಸಿ, ಎಲ್ಲಿದ್ರೂ ಎದ್ದು ಕಾಣ್ತೀಯ ಅಂದಿದ್ದೆ.”

ಬೈಗುಳಕ್ಕೆ ತಲೆಯೊಡ್ಡಿ ನಿಂತೆ. ಅವಳು ಇನ್ನೊಮ್ಮೆ ಚಿತ್ರ ನೋಡಿ ಹೇಳಿದಳು: “ನನ್ನ ಅಳಿಸಿದ್ದು ಇರ್ಲಿ. ಕೆಲ್ಸ ಅರ್ಧ ಮಾಡೀಯಲ್ಲೇ! ಅಳಿಸೋದಾದ್ರೆ ನೆರಳೂ ಅಳಿಸ್ಬೇಕು, ಇಲ್ಲಾಂದ್ರೆ ಮುಟ್ಲೇಬಾರ್ದು.”

ನನಗೆ ನಗು ಬಂತು, ಅವಳಿಗೂ ಬಂತು. ತನ್ನನ್ನೇ ಒರೆಸಿಹಾಕಿದ ಚಿತ್ರದಲ್ಲೂ ಮೊದಲು ಬೆಳಕು ನೋಡಿ ಹೊಗಳಿದವಳು ಅವಳು. ಅಂಥವಳ ಒಂದು ಮಾತಿನ ಮುಂದೆ ನೂರು ಹೆಬ್ಬೆರಳು ಯಾವ ಲೆಕ್ಕ? ಬಂಡೆಯ ಮೇಲೆ ಶಾಸನ ಕೊರೆದವನಿಗೆ ಅಳಿಸಿ ತಿದ್ದುವ ಅನುಕೂಲವಿರಲಿಲ್ಲ. ನನಗಿತ್ತು. ಮೂಲ ಚಿತ್ರ ತೆಗೆದು ಅವಳನ್ನು ಅವಳ ನೆರಳಿನ ಪಕ್ಕಕ್ಕೆ ಕರೆತಂದೆ.

ಈಗ ಬೆಟ್ಟ ಅಂಗಡಿಯ ಗೋಡೆಯ ಮೇಲಿದೆ. ಬಂದ ಗಿರಾಕಿಗಳು ಬೆಟ್ಟ ನೋಡುವುದಿಲ್ಲ, “ಆ ಮೆಟ್ಟಿಲು ಹತ್ತೋ ಅಮ್ಮ ಉಟ್ಟಿರೋ ಸೀರೆ ಐತೇನ್ರಿ?” ಎನ್ನುತ್ತಾರೆ. ಅಂದರೆ ಕೆಂಪಿನ ವಿಷಯದಲ್ಲಿ ನಾನು ಹೇಳಿದ್ದು ಸರಿಯೇ ಇತ್ತು!

ಮೊನ್ನೆ ಚಳ್ಳಕೆರೆಗೆ ಹೋದಾಗ ಶಿವಲೀಲಾ ಪಡಸಾಲೆಯ ಕಾವಲಿನ ಚಿತ್ರವನ್ನು ಗೋಡೆಯಿಂದ ಇಳಿಸಿ, ತಾನೇ ಬಾಗಿಲಿಗೆ ತಂದು ಹಿಡಿದಳು. “ತಿದ್ದಿ ಹೊಸದಾಗಿ ಹಾಕ್ಸೀನಿ. ಈಗ ಹೆಂಗೈತೆ ಹೇಳೇ.”

ಬಿಸಿಲಲ್ಲಿ ನೋಡಿದೆ. “ಅರಿಶಿನ ಇನ್ನೂ ಒಂದು ಚಿಟಿಕೆ ಜಾಸ್ತಿ ಐತೆ” ಎಂದೆ.

ಅವಳು ಕಟ್ಟನ್ನು ಮತ್ತೆ ಗೋಡೆಗೆ ಹಾಕದೆ ಅಲ್ಲೇ ಬಾಗಿಲಿಗೆ ಒರಗಿಸಿ, ನನಗೆ ಟೀ ತರಲು ಒಳಗೆ ಹೋದಳು.