ಹೊರಬೀಡಿನ ದಿನ ಬಂದ ಶೇಕದಾರರು

ನಾನು ಮದುವೆಯಾಗಿ ಬಂದ ಊರಿಗೆ ಒಂಬತ್ತು ಮನೆ. ಒಲೆ ಉರಿಯುತ್ತಿದ್ದದ್ದು ಒಂಬತ್ತು, ಗೋಡೆ ಎಣಿಸಿದರೆ ಇಪ್ಪತ್ತಕ್ಕೂ ಮೇಲಿತ್ತು. ಮದ್ದೂರಿಗೂ ಮಳವಳ್ಳಿಗೂ ನಡುವೆ, ನಾಲೆ ನೀರು ಹತ್ತದ ಏರು ನೆಲ ನಮ್ಮದು. ಮಂಡ್ಯದ ಕಡೆ ನಾಲೆ ಬಂದು ಭತ್ತ ಕಬ್ಬು ಎದ್ದ ಮೇಲೆ ನಮ್ಮವರು ಒಬ್ಬೊಬ್ಬರಾಗಿ ತೊಲೆ, ಬಾಗಿಲು, ಹೆಂಚು ಬಿಚ್ಚಿ ಗಾಡಿಗೆ ಹೇರಿಕೊಂಡು ಹೊರಟುಹೋದರು. ತೊಲೆ ಕಿತ್ತ ಮನೆ ಎರಡು ಮಳೆಗಾಲ ತಡೆದರೆ ಹೆಚ್ಚು.

ಹೀಗೇ ಬಿಟ್ಟರೆ ಏನಾಗುತ್ತದೆ ಅನ್ನುವುದು ನಮ್ಮ ಕಣ್ಣ ಮುಂದೆಯೇ ಇತ್ತು. ಅರ್ಧ ಮೈಲಿ ಆಚೆ ಒಂದು ಹಾಳೂರು, ಪ್ಲೇಗಿನಲ್ಲಿ ಪೂರಾ ಖಾಲಿಯಾದದ್ದು. ಹುಣಸೆಹಣ್ಣು ಬಡಿಯಲು ನಾವು ಅಲ್ಲಿಗೆ ಹೋಗುತ್ತಿದ್ದೆವು. ಮುಳ್ಳುಗಿಡದ ನಡುವೆ ನೆಲಕ್ಕೆ ಹೂತ ಒರಳುಕಲ್ಲುಗಳಿದ್ದವು. ತೊಳೆದರೆ ಆವತ್ತೇ ಖಾರ ರುಬ್ಬಬಹುದಿತ್ತು. ಅಂಥ ಊರಿಗೆ ಸರ್ಕಾರದ ಕಡತದಲ್ಲಿ 'ಬೇಚರಾಕ್' ಅಂತ ಬರೆಯುತ್ತಾರಂತೆ, ಜನವಸತಿ ಇಲ್ಲದ್ದು ಅಂತ. ಒಂದು ಸಲ ಹಾಗೆ ಬರೆದರೆ ಮುಗಿಯಿತು, ಆಮೇಲೆ ಯಾವ ಅಧಿಕಾರಿಯೂ ಅತ್ತ ತಲೆ ಹಾಕುವುದಿಲ್ಲ.

ನಮಗಿದ್ದ ಕಷ್ಟ ಒಂದೇ, ನೀರು. ಇದ್ದ ಬಾವಿ ಬತ್ತಿಹೋಗಿತ್ತು. ಹಳ್ಳಕ್ಕೆ ಹೋಗಿ, ಮರಳು ತೋಡಿ, ಸೌಟಿನಲ್ಲಿ ಮೊಗೆದು ಬಿಂದಿಗೆ ತುಂಬಬೇಕು. ಹೊಸ ಬಾವಿಗೆ ಬಂಡೆ ಸಿಡಿಸಬೇಕಿತ್ತು, ಅದು ನಮ್ಮ ಕೈಲಾಗುವ ಕೆಲಸವಲ್ಲ. ನಮ್ಮ ಯಜಮಾನರು ಮಳವಳ್ಳಿಯ ಕಚೇರಿಗೆ ಅರ್ಜಿ ಕೊಟ್ಟು ಬಂದರು. ಕಂದಾಯದ ಶೇಕದಾರರು ಬಂದು ನೋಡುತ್ತಾರೆ, ಒಕ್ಕಲಿದ್ದರೆ ಬಾವಿ ಎಂದು ಜವಾಬು ಬಂತು. ಯಾವತ್ತು ಬರುತ್ತಾರೆಂದು ಮಾತ್ರ ಹೇಳಲಿಲ್ಲ. ಬಾವಿಯಾಗದಿದ್ದರೆ ಯುಗಾದಿಗೆ ನಾವೂ ತೊಲೆ ಬಿಚ್ಚುವುದು ಎಂದು ಯಜಮಾನರು ತೀರ್ಮಾನ ಮಾಡಿಬಿಟ್ಟಿದ್ದರು.

ನನಗೆ ಅದಕ್ಕಿಂತ ಸಾಯುವುದೇ ಮೇಲು ಅನ್ನಿಸಿತ್ತು. ನಾಲೆ ಕಡೆ ನಮಗೆ ಗೇಣು ನೆಲವಿರಲಿಲ್ಲ. ಹೋದರೆ ನನ್ನ ಓರಗಿತ್ತಿಯ ಕೊಟ್ಟಿಗೆಯಲ್ಲೇ ಬಿಡಾರ. ಅವಳು ಎರಡು ವರ್ಷದ ಹಿಂದೆ ಗಾಡಿ ಹತ್ತಿದಾಗ ನಾನು ಊರೆಲ್ಲ ಕೇಳುವ ಹಾಗೆ ಬೈದಿದ್ದೆ. "ಹುಟ್ಟಿದ್ ಮನೆ ತೊಲೆ ಕೀಳ್ತಾನಲ್ಲ ನಿನ್ ಗಂಡ, ನಿಂಗಾದ್ರೂ ನಾಚ್ಕೆ ಬ್ಯಾಡ್ವಾ" ಎಂದಿದ್ದೆ. ಅಂದಿನಿಂದ ನಮ್ಮಿಬ್ಬರಿಗೂ ಮಾತಿರಲಿಲ್ಲ. ಈಗ ಅವಳ ದನದ ಪಕ್ಕದಲ್ಲಿ ಚಾಪೆ ಹಾಸಿಕೊಳ್ಳಲು ನನ್ನ ಕೈಲಿ ಆಗುತ್ತಿರಲಿಲ್ಲ.

ಆ ವರ್ಷ ದನಗಳಿಗೆ ಕಾಲುಬಾಯಿ ಬೇನೆ ಬಂತು. ಹಿರಿಯರು ಸೇರಿ ಒಂದು ಮಂಗಳವಾರ ಹೊರಬೀಡು ಗೊತ್ತುಮಾಡಿದರು. ಹೊರಬೀಡೆಂದರೆ ಸೂರ್ಯ ಹುಟ್ಟುವ ಮೊದಲು ಒಲೆ ಆರಿಸಿ, ದನಕರು ಕೋಳಿ ನಾಯಿ ಸಮೇತ ಊರು ಬಿಟ್ಟು ಹೊರಡುವುದು. ಊರ ಬಾಯಿಗೆ ಮುಳ್ಳು ಎಳೆಯುತ್ತಾರೆ. ಇಡೀ ದಿನ ತೋಪಿನಲ್ಲಿ ಅಡುಗೆ, ಊಟ. ಸಂಜೆ ಪೂಜಾರಿ ಮೊದಲು ಹೋಗಿ ಮಾರಮ್ಮನ ಗುಡಿಯಲ್ಲಿ ದೀಪ ಹಚ್ಚಿದ ಮೇಲೇ ಉಳಿದವರು ಒಳಗೆ ಕಾಲಿಡಬೇಕು. ಊರು ಬಿಟ್ಟು ಹೋದವರಿಗೂ ಅವಳೇ ದೇವರು, ಅವರಿಗೂ ಹೇಳಿಕಳಿಸಿದ್ದೆವು. ಗಾಡಿ ಕಟ್ಟಿಕೊಂಡು ಬಂದರು. ಓರಗಿತ್ತಿಯೂ ಬಂದು, ನನ್ನಿಂದ ಸಾಕಷ್ಟು ದೂರ ನೋಡಿ ಒಲೆ ಹೂಡಿದಳು.

ಬಿಸಿಲೇರುವ ಹೊತ್ತಿಗೆ ಎರಡು ಸೈಕಲ್ಲು ಊರ ಕಡೆ ಹೋದವು. ಒಂದರ ಮೇಲೆ ಕೋಟು, ರುಮಾಲು. ಇನ್ನೊಂದರ ಮೇಲೆ ಜವಾನ. ಜವಾನ ಕೋಲಿನಿಂದ ಮುಳ್ಳು ಸರಿಸಿದ, ಇಬ್ಬರೂ ಒಳಗೆ ಹೋದರು. ಯಾರೆಂದು ಹೇಳಬೇಕಾದ್ದೇ ಇರಲಿಲ್ಲ. ವರ್ಷದಲ್ಲಿ ಒಂದೇ ಒಂದು ದಿನ ಊರಲ್ಲಿ ಒಂದು ನೊಣವೂ ಇಲ್ಲ, ಆವತ್ತೇ ಬಂದಿದ್ದರು ಪುಣ್ಯಾತ್ಮರು. ಗಂಡಸರೆಲ್ಲ ಸಾಲಾಗಿ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

"ಓಗಿ ಯೋಳ್ಬಾರ್ದಾ" ಎಂದೆ.

"ಈಗ ಒಳೀಕೆ ಓದ್ರೆ ಮಾರಿ ಬೆನ್ನತ್ತುತಾಳೆ ಕಣಮ್ಮಿ" ಎಂದರು ಯಜಮಾನರು. "ಆಮ್ಯಾಕೆ ಕಚೇರೀಗೋಗಿ ಬುಡಿಸಿ ಯೋಳ್ತೀನಿ ಬುಡು."

ಆಮೇಲೆ ಅಂತೆ. ಅರ್ಜಿಗೆ ಜವಾಬು ಬರುವುದಕ್ಕೇ ಇಡೀ ಮಳೆಗಾಲ ಹಿಡಿದಿತ್ತು. ನನಗೆ ರೇಗಿಹೋಯಿತು. ಸೀರೆ ಎತ್ತಿ ಕಟ್ಟಿ ಹೊಲದ ಅಡ್ಡಕ್ಕೆ ಓಡಿದೆ. ಊರ ಬಾಯಿಗೆ ಬಂದು ನೋಡಿದರೆ ಮುಳ್ಳು ಪಕ್ಕಕ್ಕೆ ಬಿದ್ದಿದೆ, ದಾರಿ ತೆರೆದೇ ಇದೆ. ಆದರೂ ಕಾಲು ಏಳಲಿಲ್ಲ. ಮಾರಿಗೆ ನಾನೂ ಹೆದರುವವಳೇ. ಅಲ್ಲೇ ನಿಂತು ಗಂಟಲು ಹರಿಯುವಂತೆ ಕೂಗಿದೆ.

"ಸ್ವಾಮೀ, ಊರು ಅಲ್ಲಿಲ್ಲ, ತೋಪಲ್ಲೈತೆ. ಇತ್ಲಾಗ್ ಬನ್ನಿ."

ಶೇಕದಾರರು ಹೊರಗೆ ಬಂದರು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಮುಚ್ಚಳ ತೆಗೆದ ಪೆನ್ನು. "ಒಲೆಯೆಲ್ಲ ತಣ್ಣಗಿದೆ, ಅರ್ಧಕ್ಕರ್ಧ ಮನೆಗೆ ಸೂರಿಲ್ಲ, ಒಂದು ನರಪಿಳ್ಳೆ ಇಲ್ಲ. ಇದಕ್ಕೆ ಬಾವಿ ಬೇರೆ ಕೇಳಿದ್ದೀರಿ" ಎಂದರು. ಮೈಸೂರಿನ ಪೇಟೆಯವರು, ಹೊರಬೀಡೆಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಏದುಸಿರು ಬಿಡುತ್ತಲೇ ಎಲ್ಲ ಹೇಳಿದೆ. ನಂಬಿದರೋ ಇಲ್ಲವೋ, ಸೈಕಲ್ಲು ತಳ್ಳಿಕೊಂಡು ನನ್ನ ಹಿಂದೆ ಬಂದರು.

ತೋಪಿನಲ್ಲಿ ಒಲೆಯಿಂದ ಒಲೆಗೆ ಹೋಗಿ ಮನೆ ಯಾವುದು, ಜನ ಎಷ್ಟು ಎಂದು ಕೇಳಿ ಬರೆದುಕೊಂಡರು. ನಮ್ಮ ಒಂಬತ್ತೂ ಮನೆ ಮುಗಿದವು. "ಹತ್ತಾದರೂ ಇಲ್ಲದಿದ್ದರೆ ನಾನು ಬರೆದೂ ಉಪಯೋಗವಿಲ್ಲ" ಎಂದು ಅವರು ಜವಾನನಿಗೆ ಹೇಳಿದ್ದು ನನಗೆ ಕೇಳಿಸಿತು. ಅವರ ಮುಂದಿನ ಒಲೆ ಓರಗಿತ್ತಿಯದು. ಅವಳು ತಲೆ ಬಗ್ಗಿಸಿಕೊಂಡು ಮುದ್ದೆ ತಿರುವುತ್ತಿದ್ದಳು.

"ಯಾವ ಊರಮ್ಮ ನಿಮ್ಮದು?"

ಅದು ಯುದ್ಧದ ಕಾಲ. ರೇಷನ್ನಿನ ಪಟ್ಟಿಯಲ್ಲಿ ಅವಳ ಮನೆಯ ಹೆಸರು ನಾಲೆ ಕಡೆಯ ಊರಲ್ಲಿತ್ತು. ಎರಡು ಊರಲ್ಲಿ ಹೆಸರಿದೆಯೆಂದು ಗೊತ್ತಾದರೆ ರೇಷನ್ನೇ ನಿಲ್ಲಿಸಿಬಿಡುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ನಾನು ಆಡಿದ ಮಾತಿಗೆ ಅವಳು ಸೇಡು ತೀರಿಸಿಕೊಳ್ಳಬೇಕೆಂದಿದ್ದರೆ ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ, ನಿಜ ಹೇಳಿದ್ದರೆ ಸಾಕಿತ್ತು.

"ಇದೇ ಊರು ಸ್ವಾಮಿ" ಎಂದಳು. "ಬತ್ತಿದ್ ಬಾವಿ ಪಕ್ಕದ ಮನೆ."

"ಈಗ ತಾನೇ ನೋಡಿ ಬಂದೆನಲ್ಲ. ಅದಕ್ಕೆ ಸೂರೇ ಇಲ್ಲ."

ಅವಳು ತಲೆಯೆತ್ತಿದಳು. "ನೀವು ನೀರ್ ಕೊಡಿ ಸ್ವಾಮಿ. ಸೂರು ನಾವ್ ಒದಿಸ್ಕತೀವಿ."

ಶೇಕದಾರರು ಅವಳನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಹತ್ತನೆಯ ಮನೆಯೆಂದು ಬರೆದುಕೊಂಡರು. ಉಳಿದ ಒಲೆಗಳ ಹತ್ತಿರ ಹೋಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಒಂದು ಲೋಟ ಮಜ್ಜಿಗೆ ಕುಡಿದು ಹೊರಟುಬಿಟ್ಟರು. ನಾನು ಅಲ್ಲೇ ಕುಕ್ಕರಿಸಿದೆ. ಅವರು ಮುಳ್ಳು ದಾಟಿದ್ದಕ್ಕೆ ಏನು ಶಾಂತಿ ಮಾಡಬೇಕೆಂದು ಗಂಡಸರು ಪೂಜಾರಿಯನ್ನು ಕೇಳುತ್ತಿದ್ದರು. ಪರಸ್ಥಳದವರನ್ನು ಮಾರಮ್ಮ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದು ಪೂಜಾರಿ ತೀರ್ಪು ಕೊಟ್ಟರು.

ಓರಗಿತ್ತಿಯ ಒಲೆಯ ಹತ್ತಿರ ಹೋಗಿ ನಿಂತೆ. "ಆವತ್ತು ನಿನ್ನ ಬೈದುಬುಟ್ಟೆ" ಎಂದೆ.

"ಬೈದೆ. ನಾನೂ ಮದ್ದೂರ್ಗಂಟ ನಿನ್ನ ಬೈಕಂಡೇ ಓದೆ. ಕೂತ್ಕೊ, ಮುದ್ದೆ ಆರೋಯ್ತದೆ" ಎಂದಳು.

ಬೇಸಗೆಗೆ ಬಂಡೆ ಒಡೆಯುವವರು ಬಂದರು. ಎರಡಾಳು ಆಳದಲ್ಲಿ ಬಂಡೆ, ಅದರ ಕೆಳಗೆ ನೀರು. ಆ ಯುಗಾದಿಯಲ್ಲಿ ನಮ್ಮ ತೊಲೆ ಅದರ ಜಾಗದಲ್ಲೇ ಇತ್ತು. ಮೊದಲ ಬಿಂದಿಗೆ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿ ಗೋಡೆಗೆ ಒರಗಿ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ, ಯಜಮಾನರು ಬಂದು ಮೈ ಹುಷಾರಿಲ್ಲವಾ ಎಂದು ಕೇಳಿದರು.

ಎಷ್ಟೋ ದಿನವಾದ ಮೇಲೆ, ಮಳವಳ್ಳಿ ಸಂತೆಯಲ್ಲಿ ಓರಗಿತ್ತಿಯ ಊರಿನವಳೊಬ್ಬಳು ಮಾತಿನ ನಡುವೆ ಒಂದು ವಿಷಯ ಹೇಳಿದಳು. ಎರಡು ಊರಲ್ಲಿ ಹೆಸರಿದೆಯೆಂದು ಓರಗಿತ್ತಿಯ ಮನೆಗೆ ರೇಷನ್ನಿನ ಸೀಮೆಣ್ಣೆ ನಿಲ್ಲಿಸಿಬಿಟ್ಟಿದ್ದರಂತೆ. ಹೊತ್ತಿರುವಾಗಲೇ ಉಂಡು, ಕತ್ತಲಲ್ಲಿ ಮಕ್ಕಳನ್ನು ತಡವಿ ಮಲಗಿಸುತ್ತಿದ್ದಳಂತೆ. ನಮಗೆ ಒಂದು ಮಾತು ಹೇಳಿಕಳಿಸಿರಲಿಲ್ಲ. ನನಗೆ ಸಂತೆಯ ನಡುವೆಯೇ ಅಳು ಬಂತು. ಮಾರನೆಯ ದಿನ ಮನೆಯಲ್ಲಿ ಬೇಯಿಸಿ ತೆಗೆದಿದ್ದ ಹರಳೆಣ್ಣೆಯನ್ನೆಲ್ಲ ಅವಳ ದೀಪಕ್ಕೆಂದು ಒಂದು ಕುಡಿಕೆಗೆ ಸುರಿದುಕೊಂಡು ಅವಳ ಊರಿಗೆ ನಡೆದೇ ಹೋದೆ.

ಅವಳು ಕುಡಿಕೆಯ ಬಾಯಿ ಬಿಚ್ಚಿ ಮೂಸಿ ನೋಡಿದಳು. "ಈಗ ತಂದ್ಯಾ? ಸೀಮೆಣ್ಣೆ ತಿರ್ಗಾ ಕೊಡಕ್ ಸುರು ಮಾಡಿ ತಿಂಗಳಾಯ್ತು ಕಣೆ" ಎಂದಳು. ಆದರೂ ಒಳಗೆ ತೆಗೆದಿಟ್ಟಳು. ಹೊರಗೆ ಬಂದು ನನ್ನ ಪಕ್ಕದಲ್ಲಿ ಜಗಲಿಯ ಮೇಲೆ ಕೂತಳು.

"ಬಾವೀಲಿ ನೀರೈತಾ?"

"ಐತೆ. ಸೀ ನೀರು."

"ಅಂಗಾರೆ ಸರಿ ಬುಡು" ಎಂದಳು.