ನೀಲವ್ವ ಆಡದ ಮಾತು

ನೀಲವ್ವ ‘ಹೋಗ್ತೇನಿ’ ಅಂದಿರಲಿಲ್ಲ. ‘ಬರ್ತೇನಿ’ ಅಂದಿದ್ದಳು. ಆ ಒಂದು ಶಬ್ದವನ್ನು ತಿರುಚಿದವನು ನಾನು — ರಾಣೆಬೆನ್ನೂರಿನ ಸ್ಟೇಶನ್ ರಸ್ತೆಯಲ್ಲಿ ಹಗ್ಗ, ತಾಡಪತ್ರಿ, ಪೈಪು ಮಾರುವ ಫಕೀರಪ್ಪ. ನಾಲ್ಕು ವರ್ಷವಾಯಿತು.

ನಮ್ಮ ಕಡೆ ಎದ್ದು ಹೊರಡುವವರು ಯಾರೂ ‘ಹೋಗ್ತೇನಿ’ ಅನ್ನುವುದಿಲ್ಲ. ಹೊಸ್ತಿಲು ದಾಟುತ್ತಲೇ ‘ಬರ್ತೇನಿ’ ಅನ್ನುತ್ತೇವೆ. ‘ಹೋಗ್ತೇನಿ’ ಅಂದರೆ ಋಣ ಹರಿದುಕೊಂಡು ಹೋದಂತೆ. ಇದು ನನಗೆ ಗೊತ್ತಿತ್ತು — ಗೊತ್ತಿದ್ದೇ ಆಡಿದೆ.

ನನ್ನ ಅಂಗಡಿಯ ಮುಂದೆ, ಬೇವಿನ ಮರದ ಕೆಳಗೆ, ಒಂದು ಕಲ್ಲಿನ ಕಟ್ಟೆ ಇತ್ತು. ನನ್ನದಲ್ಲ, ಯಾರದೂ ಅಲ್ಲ. ನೀಲವ್ವ ಅದರ ಮೇಲೆ ಕೈಯಿಂದ ತಿರುಗಿಸುವ ಹೊಲಿಗೆ ಮಷೀನು ಇಟ್ಟುಕೊಂಡು ಹರಿದ ಚೀಲ, ಸ್ಕೂಲ್ ಬ್ಯಾಗು, ಛತ್ರಿ ಹೊಲಿಯುತ್ತಿದ್ದಳು. ಗಂಡ ತೀರಿದ ಮೇಲೆ ಆಕೆಯ ಅನ್ನ ಅದೇ. ರೈಲು ತಪ್ಪಿಸಿಕೊಂಡವರು, ಬ್ಯಾಡಗಿಯಿಂದ ಸಂತೆಗೆ ಬಂದವರು, ಸುಮ್ಮನೆ ಕಾಲು ನೊಂದವರು — ಎಲ್ಲರೂ ಆಕೆಯ ಪಕ್ಕ ಕೂರುವವರೇ. ಹೊಸದಾಗಿ ಅಂಗಡಿ ಹಾಕುವವರಿಗೆ ನಾನು ಈಗಲೂ ಹೇಳುವುದಿದೆ: ಬಾಡಿಗೆ ಎಷ್ಟು ಅಂತ ಕೇಳುವ ಮೊದಲು ಒಂದು ದಿನ ನಿಂತು ನೋಡ್ರಿ, ಜನರ ಕಾಲು ಎಲ್ಲಿ ನಿಲ್ಲುತ್ತದೆ ಅಂತ. ಹಮಾಲಿ ಮಾಡಿ ಮೇಲೆ ಬಂದವನು ನಾನು. ಅಂಥ ಜಾಗದ ಬೆಲೆ ಬಲ್ಲೆ. ಆ ಕಾಲುಗಳು ನೀಲವ್ವನ ಮುಂದೆ ಯಾಕೆ ನಿಲ್ಲಬೇಕು, ನನ್ನ ಬಾಗಿಲಿಗೆ ಬರಲಿ — ಇಷ್ಟೇ ನನ್ನ ಆಸೆ.

ಗಟಾರದ ಕೆಲಸಕ್ಕೆ ಬೀದಿ ಅಗೆದಾಗ ಆಕೆ ಕರ್ಜಗಿಗೆ, ತಮ್ಮನ ಮನೆಗೆ ಹೊರಟಳು. ಮಷೀನನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು, “ಗಟಾರ ಮುಗೀಲಿ, ಬರ್ತೇನಿ ಫಕೀರಣ್ಣ. ಕಟ್ಟಿ ಮ್ಯಾಲ ಒಂದ್ ಕಣ್ಣಿರ್ಲಿ,” ಅಂದಳು. ಕಣ್ಣು — ಮೊದಲೇ ಇತ್ತು.

ಕೆಲಸ ಮುಗಿದ ದಿನ ಎದುರಿನ ಬಳೆ ಅಂಗಡಿಯ ಗುರಪ್ಪಜ್ಜ ಕೇಳಿದ. ಬೀದಿಗೆ ಹಿರಿಯ ಅವನು. ಅವನ ಮಾತು ದಾಟಿ ಅಲ್ಲಿ ಏನೂ ನಡೆಯುವುದಿಲ್ಲ.

“ನೀಲವ್ವ ಯಾವಾಗ ಬರ್ತಾಳಪಾ?”

“ಎಲ್ಲಿ ಬರ್ತಾಳ್ರಿ ಅಜ್ಜಾರ. ‘ಹೋಗ್ತೇನಿ’ ಅಂದು ಹೋದ್ಲು.”

“ಹೋಗ್ತೇನಿ ಅಂದ್ಲಾ?” ಅಜ್ಜನ ಮುಖ ಸಣ್ಣದಾಯಿತು. “ಇಷ್ಟ್ ವರ್ಷ ನಮ್ಮ ನಡುವ ಕುಂತಾಕಿ... ಹಂಗಾರ ಹೋಗ್ಲಿ ಬಿಡು.”

ಆ ವಾರವೇ ಕಟ್ಟೆ ಒಡೆಸಿ ಪೈಪಿನ ಸ್ಟ್ಯಾಂಡು ನಿಲ್ಲಿಸಿದೆ.

ಹದಿನೈದು ದಿನಕ್ಕೆ ಆಕೆ ಬುಟ್ಟಿ ಹೊತ್ತು ಬಂದಳು. ಅಜ್ಜ ಕೂತಲ್ಲಿಂದಲೇ, “ಹೋಗ್ತೇನಿ ಅಂದಾಕಿ ಮತ್ಯಾಕ ಬಂದಿ?” ಎಂದ.

“ಯವ್ವಾ! ನಾ ಯಾಕ ಹಂಗ ಅನ್ಲಿ? ಫಕೀರಣ್ಣನ ಮುಂದನ ಹೇಳಿ ಹೋಗೇನಿ. ಕೇಳ್ರಿ ಬೇಕಾರ.”

ಇಬ್ಬರೂ ನನ್ನ ಕಡೆ ತಿರುಗಿದರು. ಗಿರಾಕಿಗೆ ಹಗ್ಗ ಅಳೆಯುತ್ತಿದ್ದೆ. ತಲೆ ಎತ್ತದೆ ಅಂದೆ — “ಹಂಗ ಅಂದಂಗಾತು... ನಾ ಗಡಿಬಿಡ್ಯಾಗ ಇದ್ದೆ.”

ನೇರ ಸುಳ್ಳಾದರೂ ಆಗಿದ್ದರೆ ಆಕೆ ಜಗಳ ಆಡಬಹುದಿತ್ತು. ‘ಅಂದಂಗಾತು’ ಎಂಬ ಮಾತಿನ ಜೊತೆ ಹೇಗೆ ಜಗಳ ಆಡುವುದು? ನೀಲವ್ವ ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ಬುಟ್ಟಿ ಹೊತ್ತು ಮತ್ತೆ ಕರ್ಜಗಿಯ ಬಸ್ಸಿನ ಕಡೆ ನಡೆದಳು.

ಕೂರುವ ಜಾಗ ಹೋದ ಮೇಲೆ ಕಾಲುಗಳೂ ಅಲ್ಲಿ ನಿಲ್ಲಲಿಲ್ಲ. ವ್ಯಾಪಾರ ಏರಿದ್ದರೆ ನನಗೆ ಈ ಸಂಕಟ ಬರುತ್ತಿತ್ತೋ ಇಲ್ಲವೋ — ಎದೆ ಮುಟ್ಟಿ ಹೇಳಲಾರೆ. ಈಗ ದಿನಾ ಬೆಳಿಗ್ಗೆ ಸ್ಟೇಶನ್ನಿನಿಂದ ಬಸ್‌ಸ್ಟ್ಯಾಂಡಿನವರೆಗೆ ನಡೆಯುತ್ತೇನೆ. ಅಂಗಡಿ ಮೆಟ್ಟಿಲುಗಳ ಮೇಲೆ ಯಾರೂ ಕೂರದಂತೆ ಕಬ್ಬಿಣದ ಮೊಳೆ, ಸರಪಳಿ, ಹೂವಿನ ಕುಂಡ. ಹಾವೇರಿಗೆ ಹೋದರೂ ನನ್ನ ಕಣ್ಣು ಅದನ್ನೇ ಹುಡುಕುತ್ತದೆ — ಇಲ್ಲಿ ಮೊದಲು ಯಾರು ಕೂರುತ್ತಿದ್ದರು, ಏನು ಹೇಳಿ ಎಬ್ಬಿಸಿದರು? ಚಹಾಕ್ಕೆ ಕೂತರೆ ಅರ್ಧಕ್ಕೇ ಏಳುತ್ತೇನೆ.

ಕಳೆದ ವಾರ ಹಿಂದಿನ ಓಣಿಯಲ್ಲಿ ಎರಡು ಮನೆಗಳಿಗೆ ನಡುವಿನ ಸಂದಿಯ ಜಗಳ ಬಂತು. ಗುರಪ್ಪಜ್ಜ ನನ್ನನ್ನು ಕರೆದ. “ನೀ ಬಾರಪಾ. ಇದ್ದದ್ದ ಇದ್ದಂಗ ಹೇಳಾಂವ ನೀ ಒಬ್ಬನ.” ಏನೋ ನೆವ ಹೇಳಿ ತಪ್ಪಿಸಿಕೊಂಡೆ. ಅದೂ ಒಂದು ಸುಳ್ಳೇ.

ನಿನ್ನೆ ಬಳೆ ಅಂಗಡಿಗೆ ಹೋಗಿ, ನಾಲ್ಕು ಮಂದಿ ಇದ್ದಾಗಲೇ ಎಲ್ಲ ಹೇಳಿದೆ. ಅಜ್ಜ ಹೊಂದಿಸುತ್ತಿದ್ದ ಬಳೆಗಳನ್ನು ಪಕ್ಕಕ್ಕಿಟ್ಟ. “ನಿನ್ನ ಮಾತ್ ನಂಬಿ ನಾ ಆಕಿ ಮಾರಿಗೆ ಹೊಡ್ದಂಗ ಮಾತಾಡಿದ್ನಲ್ಲೋ ಫಕೀರ್ಯಾ,” ಎಂದ. ಅಷ್ಟೇ.

ಇಂದು ಸ್ಟ್ಯಾಂಡು ಕೀಳಿಸಿದೆ. ಗೌಂಡಿ ಬಂದು ಕೇಳಿದ — “ಕಟ್ಟಿ ಎಷ್ಟ್ ಎತ್ತರ ಕಟ್ಟೂಣ್ರಿ?” ವರ್ಷಗಟ್ಟಲೆ ಅದರ ಎದುರಿಗೇ ಕೂತವನು ನಾನು, ಹೇಳಲು ಬರಲಿಲ್ಲ. ಮಷೀನು ತಿರುಗಿಸುವಾಗ ನೀಲವ್ವನ ಕಾಲು ನೆಲಕ್ಕೆ ತಾಕುತ್ತಿತ್ತೋ, ಮಡಚಿ ಕೂರುತ್ತಿದ್ದಳೋ — ಒಂದು ದಿನವೂ ನೋಡಿಲ್ಲ. ಗೌಂಡಿಯನ್ನು ವಾಪಸು ಕಳಿಸಿದೆ.

ನಾಳೆ ಮೊದಲ ಬಸ್ಸಿಗೆ ಕರ್ಜಗಿಗೆ ಹೊರಡುತ್ತೇನೆ. ತಮ್ಮನ ಮನೆಯವರೆಲ್ಲ ಇರುವಾಗಲೇ ನನ್ನ ಸುಳ್ಳನ್ನು ಸುಳ್ಳೆಂದೇ ಹೇಳಬೇಕು. ‘ಬಾ’ ಎಂದು ಕರೆಯುವ ಹಕ್ಕು ನನಗಿಲ್ಲ. ಆಕೆ ಎತ್ತರ ಹೇಳಿದರೆ ಕಟ್ಟಿಸುತ್ತೇನೆ. ಹೇಳದಿದ್ದರೆ ಆ ಜಾಗ ಹಾಗೇ ಖಾಲಿ ಬಿದ್ದಿರಲಿ — ದಿನಾ ಅದನ್ನು ದಾಟಿಯೇ ನಾನು ಅಂಗಡಿಯ ಬಾಗಿಲು ತೆಗೆಯಬೇಕು.