ಬೆಳ್ಳಿಯ ಭಾರ ಕಳೆದ ವೈದ್ಯರು

ಬೆಳೆಯುವ ಮಕ್ಕಳ ಎತ್ತರ, ತೂಕ, ತೋಳಿನ ಸುತ್ತಳತೆಗಳನ್ನು ನೋಡಿ ಅವರ ಆರೋಗ್ಯವನ್ನು ತಿಳಿಯುವ ವಿದ್ಯೆಗೆ ನಮ್ಮ ಧಾರವಾಡ ಜಿಲ್ಲೆಯ ಪೂರ್ವಭಾಗದಲ್ಲಿ ಬುನಾದಿ ಹಾಕಿದವರು ಯಾರೆಂದು ಕೇಳಿದರೆ, ಗದಗ-ಬೆಟಗೇರಿಯಿಂದ ಮುಂಡರಗಿಯವರೆಗಿನ ಯಾವ ಶಾಲೆಯ ಮಾಸ್ತರರಾದರೂ ಡಾ. ಪುಂಡಲೀಕಪ್ಪ ಸೊರಟೂರ ಅವರ ಹೆಸರನ್ನೇ ಹೇಳುತ್ತಾರೆ. ಹೇಳಿ, ಒಂದಿಷ್ಟು ನಗುತ್ತಾರೆ. ನಗಲು ಕಾರಣವಿದೆ. ಬಸ್ಸು ಹತ್ತಿ ಕುಳಿತ ಮೇಲೂ ಇಳಿದು ಹೋಗಿ, ತೂಕದ ಯಂತ್ರದ ಮುಳ್ಳು ಸೊನ್ನೆಯ ಮೇಲೆಯೇ ಇದೆಯೇ ಎಂದು ನೋಡಿಬರುವ ಅಧಿಕಾರಿ ನಮ್ಮ ಇಲಾಖೆಯಲ್ಲಿ ಇನ್ನೊಬ್ಬರಿರಲಿಲ್ಲ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದವರನ್ನು ಸುಡುತ್ತದೆ ಎಂದು ಅವರಿಗೆ ಬುದ್ಧಿ ಹೇಳಿದವರು ಬಹಳ ಮಂದಿ. ಈ ವರ್ಷ ನಿವೃತ್ತರಾಗುತ್ತಿರುವ ಆ ಹಿರಿಯರ ಚಿಂತೆಯಿಂದ ಯಾರಿಗೆ ಏನು ದೊರೆಯಿತು ಎಂಬುದನ್ನು ಈ ಅಭಿನಂದನಾ ಸಂಪುಟದಲ್ಲಿಯಾದರೂ ದಾಖಲಿಸಬೇಕು.

ಅವರು ಶಾಲಾ ಆರೋಗ್ಯಾಧಿಕಾರಿಯಾಗಿ ಗದಗಿಗೆ ಬಂದದ್ದು ೧೯೭೩ರಲ್ಲಿ. ಯಾವ ವಯಸ್ಸಿಗೆ ಎಷ್ಟು ತೂಕವಿರಬೇಕೆಂದು ಹೇಳುವ ಕೋಷ್ಟಕವೊಂದನ್ನು ಇಲಾಖೆ ಅವರ ಕೈಗಿತ್ತಿತು. ಅದು ಪರದೇಶದ ಮಕ್ಕಳನ್ನು ಅಳೆದು ಮಾಡಿದ್ದು. ಅದರ ಪ್ರಕಾರ ನೋಡಿದರೆ ಶಿರಹಟ್ಟಿ, ಮುಂಡರಗಿ ತಾಲೂಕುಗಳ ಹದಿಹರೆಯದ ಹುಡುಗಿಯರಲ್ಲಿ ಬಹುಪಾಲು ಎಲ್ಲರೂ ಕೃಶರು. ಎಲ್ಲರ ಹೆಸರಿನ ಮುಂದೆಯೂ ಕೆಂಪು ಗುರುತು ಬಿದ್ದ ಮೇಲೆ ಆ ಗುರುತಿಗೆ ಬೆಲೆ ಏನು? ನಿಜವಾಗಿ ಬೇನೆ ಬಿದ್ದ ಹುಡುಗಿ ಈ ಗುಂಪಿನಲ್ಲಿ ಮರೆಯಾಗಿಬಿಟ್ಟರೆ ಗತಿಯೇನು ಎಂಬ ಹೆದರಿಕೆ ಅವರನ್ನು ಅಂದೇ ಹಿಡಿಯಿತು.

ಹಾಗಾದರೆ ಇಲ್ಲಿಯ ಮಕ್ಕಳನ್ನೇ ಅಳೆದು ಇಲ್ಲಿಯದೇ ಒಂದು ಕೋಷ್ಟಕ ಮಾಡಿದರಾಯಿತಲ್ಲ ಎಂದು ಮೇಲಧಿಕಾರಿಗಳು ಸುಲಭವಾಗಿ ಹೇಳಿದರು. ಸೊರಟೂರರಿಗೆ ಅಲ್ಲಿಯೂ ಭಯ. ಅರೆಹೊಟ್ಟೆಯ ಮಕ್ಕಳನ್ನೆಲ್ಲ ಅಳೆದು ಸರಾಸರಿ ತೆಗೆದು, ಇದೇ ಆರೋಗ್ಯವೆಂದು ಬರೆದುಬಿಟ್ಟರೆ ಹಸಿವಿಗೇ ಸರ್ಕಾರಿ ಮುದ್ರೆ ಒತ್ತಿದಂತಾಗುತ್ತದೆ. ಆದ್ದರಿಂದ ಹೊಟ್ಟೆತುಂಬ ಉಣ್ಣುವ, ಬೇನೆಬೇಸರಿಕೆ ಇಲ್ಲದ ಮನೆಗಳ ಮಕ್ಕಳನ್ನು ಮಾತ್ರ ಆಯ್ದುಕೊಂಡು, ಅದೇ ಮಕ್ಕಳನ್ನು ಆರು ತಿಂಗಳಿಗೊಮ್ಮೆ ಅಳೆಯುತ್ತ ಹೋಗುವುದೆಂದು ಅವರು ನಿಶ್ಚಯಿಸಿದರು. ಮುಂದಿನ ವರ್ಷಗಳು ಈ ಕೆಲಸದಲ್ಲಿಯೇ ಕಳೆದವು. ಮಕ್ಕಳನ್ನು ಅಳೆದರೆ ಬೆಳವಣಿಗೆ ನಿಂತುಹೋಗುತ್ತದೆಂದು ಬಾಗಿಲು ಹಾಕಿಕೊಂಡ ಮನೆಗಳ ಮುಂದೆ ಅವರು ಮಧ್ಯಾಹ್ನವೆಲ್ಲ ಕಟ್ಟೆಯ ಮೇಲೆ ಕುಳಿತು, ಚಹಾ ಬರುವವರೆಗೆ ಕಾದು, ಚಹಾದ ಜೊತೆಗೆ ಒಪ್ಪಿಗೆಯನ್ನೂ ಪಡೆದು ಬಂದದ್ದುಂಟು.

ಅವರ ಜೊತೆಗಿದ್ದವರು ಕಂಪೌಂಡರ್ ನೀಲಪ್ಪ. ನೀಲಪ್ಪನವರ ಅಪ್ಪ, ಅಜ್ಜ ಎಲ್ಲರೂ ಗದಗಿನ ಹತ್ತಿ ಪೇಟೆಯಲ್ಲಿ ತೂಕ ಮಾಡುವವರು. ಅಲ್ಲಿ ಹತ್ತಿ ತುಂಬಿದ ಅಂಡಿಗೆ ತೂಗಿದವನು ತೂಕವನ್ನು ನಾಲ್ಕು ಮಂದಿಗೆ ಕೇಳುವಂತೆ ರಾಗವಾಗಿ ಕೂಗಬೇಕು; ಮೆಲ್ಲಗೆ ಹೇಳಿದ ತೂಕ ಕಳ್ಳತೂಕ. ಆ ಪ್ರಾಮಾಣಿಕತೆಯನ್ನೇ ನೀಲಪ್ಪನವರು ಶಾಲೆಗೂ ತಂದರು. ಹುಡುಗಿ ಯಂತ್ರದ ಮೇಲೆ ನಿಂತ ಕೂಡಲೇ "ಮೂವತ್ತೊಂದಾ... ಮೂವತ್ತೊಂದ್ರೀ" ಎಂದು ಅವರು ಎತ್ತಿದ ದನಿ ಶಾಲೆ ದಾಟಿ ಓಣಿಗೆ ಹೋಗುತ್ತಿತ್ತು. ಮಕ್ಕಳು ನಗುತ್ತಿದ್ದರು, ಬರೆದುಕೊಳ್ಳಲು ಅನುಕೂಲವೆಂದು ವೈದ್ಯರೂ ಸುಮ್ಮನಿದ್ದರು.

೧೯೮೦ರ ಹೊತ್ತಿಗೆ ಕೋಷ್ಟಕ ಸಿದ್ಧವಾಯಿತು. ಅಚ್ಚಿಗೆ ಕಳಿಸುವ ದಿನವೂ ಗೊತ್ತಾಯಿತು. ಅದಕ್ಕೆ ಮೊದಲಿನ ಕೊನೆಯ ಸುತ್ತಿನಲ್ಲಿ ಲಕ್ಷ್ಮೇಶ್ವರದ ಕನ್ಯಾಶಾಲೆಯಲ್ಲಿ ಅಲ್ಮಾಸಬಿ ಎಂಬ ಹನ್ನೆರಡರ ಹುಡುಗಿ ತೂಕಕ್ಕೆ ನಿಂತಳು. ಬಳೆಯಂಗಡಿಯ ದಾದಾಪೀರ ಅವರ ಮಗಳು, ಉಂಡು ಉಡುವುದಕ್ಕೆ ಕೊರತೆಯಿಲ್ಲದ ಮನೆ. ಕಳೆದ ಸಲ ಅವಳ ತೂಕ ಸ್ವಲ್ಪ ಇಳಿದಿತ್ತು; ಈ ಸಲ ಏರಿತ್ತು. ವೈದ್ಯರು ಸಮಾಧಾನದ ಉಸಿರು ಬಿಡಬೇಕು ಎನ್ನುವಷ್ಟರಲ್ಲಿ ಶಾಲೆಯಲ್ಲಿ ಕಲಿಸುವ ಅಕ್ಕೋರು ಟೇಪು ಹಿಡಿದು ಓದಿದ ತೋಳಿನ ಅಳತೆ ಕಿವಿಗೆ ಬಿತ್ತು. ತೋಳು ಸಣ್ಣಗಾಗಿತ್ತು. ತೂಕ ಏರಿದ ಹುಡುಗಿಯ ತೋಳು ಇಳಿಯುವುದು ಹೇಗೆ?

ಟೇಪು ಸುಳ್ಳೋ, ಯಂತ್ರ ಸುಳ್ಳೋ, ತಾವು ಇಷ್ಟು ವರ್ಷ ಮಾಡಿದ್ದೇ ಸುಳ್ಳೋ ಎಂಬ ಚಿಂತೆ ಅವರಿಗೆ ಹತ್ತಿತು. ಕಿರಾಣಿ ಅಂಗಡಿಯಿಂದ ಮುದ್ರೆ ಒತ್ತಿದ ಕಬ್ಬಿಣದ ಕಲ್ಲುಗಳನ್ನು ತರಿಸಿ ಯಂತ್ರದ ಮೇಲಿಟ್ಟರು. ಯಂತ್ರ ಸರಿಯಾಗಿಯೇ ಇತ್ತು. "ಸಾಹೇಬ್ರ, ಪೇಟಿಯೊಳಗ ಅಂಡಿಗಿ ನಡುವ ಕಲ್ಲ ಇಟ್ಟ ತೂಗಸಾವ್ರನ್ನ ನೋಡೇನ್ರಿ. ಹುಡುಗೂರು ಏನ್ ಇಟ್ಕೊಂಡಾವು?" ಎಂದು ನೀಲಪ್ಪನವರು ಚಾಷ್ಟಿಗೆಂದೇ ಅಂದರು. ವೈದ್ಯರು ನಗಲಿಲ್ಲ. ಅಷ್ಟರಲ್ಲಿ ಶಾಲೆ ಬಿಟ್ಟು ಹುಡುಗಿ ಮನೆ ಸೇರಿದ್ದಳು; ಅವರೂ ನೆಟ್ಟಗೆ ದಾದಾಪೀರ ಅವರ ಮನೆಗೆ ನಡೆದರು.

ಹುಡುಗಿಯ ತಾಯಿ ಖೈರುನಬಿ ಬಾಗಿಲ ಪರದೆಯ ಹಿಂದೆಯೇ ನಿಂತು, "ಆಕೀಗೇನು ಆಗಿಲ್ರಿ, ಆರಾಮ ಅದಾಳ" ಎಂದರು.

"ಯಕ್ಕಾ, ಸಂಜೀಮುಂದ ಮೈ ಬೆಚ್ಚಗ ಆಕ್ಕೈತೇನು?" ಎಂದು ವೈದ್ಯರು ಕೇಳಿದರು.

ಒಳಗೆ ಪೆಟ್ಟಿಗೆ ತೆರೆದ ಸದ್ದು ಕೇಳಿತು. ಆಮೇಲೆ ಪರದೆಯ ಕೆಳಗಿನಿಂದ ಒಂದು ಕೈ ಬಂದು, ನಡುವಿಗೆ ಕಟ್ಟುವ ದಪ್ಪನೆಯ ಬೆಳ್ಳಿಯ ಡಾಬನ್ನೂ ಒಂದು ಜೊತೆ ಕಾಲ್ಗಡಗವನ್ನೂ ಹೊಸ್ತಿಲ ಮೇಲೆ ಇಟ್ಟಿತು.

"ಹ್ವಾದ ಸಲ ನಿಮ್ಮ ಮನಿಷ್ಯಾ ತೂಕ ಕಮ್ಮಿ ಅಂತ ಓಣಿಗೆಲ್ಲ ಕೇಳಂಗ ಒದರಿದಾ. ಹುಡುಗಿಗೆ ರೋಗ ಐತಿ ಅಂತ ಈಕಿನ್ನ ಕೇಳಿದ್ದ ಶಿಗ್ಲಿಯ ಬೀಗರ ಮಟಾ ಖಬರ ಹೋತು. ಈ ಸಲ ನಾನಽ ಲಂಗದ ಒಳಗ ಕಟ್ಟಿ ಕಳಿಸೀನ್ರಿ" ಎಂದರು ಖೈರುನಬಿ. ಮತ್ತೆ ಹೇಳಿದರು: "ನಾ ಒಬ್ಬಾಕಿ ಅಲ್ರಿ. ಬೆಳ್ಳಿ ಇದ್ದ ಮನಿಯವ್ರೆಲ್ಲಾ ಕಟ್ಟತಾರ."

ಹುಡುಗಿಗೆ ಕ್ಷಯ ಅಂಟಿತ್ತು. ಮರುದಿನವೇ ಗದಗಿಗೆ ಕರೆತಂದು ಎದೆಯ ಚಿತ್ರ ತೆಗೆಸಿ ಮದ್ದು ಶುರುಮಾಡಿದರು. ಒಂದೂವರೆ ವರ್ಷ ಮದ್ದು ತಪ್ಪದಂತೆ ತಾವೇ ಲಕ್ಷ್ಮೇಶ್ವರಕ್ಕೆ ಎಡತಾಕಿದರು. ಬೇನೆಯ ಹೆಸರನ್ನು ಮಾತ್ರ ಆ ಮನೆಯ ಹೊಸ್ತಿಲ ಆಚೆ ಎತ್ತಲಿಲ್ಲ. ಅಲ್ಮಾಸಬಿ ಗುಣವಾದಳು.

ಇಷ್ಟಕ್ಕೆ ನಿಲ್ಲಿಸಿದ್ದರೆ ಅವರನ್ನು ಒಳ್ಳೆಯ ವೈದ್ಯರೆಂದು ಹೊಗಳಿ ನಾವೂ ಲೇಖನ ಮುಗಿಸಬಹುದಿತ್ತು. ಆದರೆ ಖೈರುನಬಿಯವರ ಕೊನೆಯ ಮಾತು ಅವರ ಅನ್ನ ನಿದ್ದೆ ಕಸಿದುಕೊಂಡಿತ್ತು. ಹೊಟ್ಟೆತುಂಬ ಉಣ್ಣುವ ಮನೆಗಳೆಂದು ಅವರು ಹುಡುಕಿ ಹುಡುಕಿ ಆಯ್ದಿದ್ದು ಬೆಳ್ಳಿ ಇದ್ದ ಮನೆಗಳನ್ನೇ. ಅಂದರೆ ಕೋಷ್ಟಕದಲ್ಲಿ ಹುಡುಗಿಯರ ಜೊತೆಗೆ ಅವರ ಅಜ್ಜಿಯರ ಡಾಬೂ ತೂಗಿಹೋಗಿತ್ತು. ಯಾವ ಹುಡುಗಿಯಲ್ಲಿ ಎಷ್ಟೆಂದು ಹೇಳುವವರಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಬೆಳ್ಳಿಯ ಮರೆಯಲ್ಲಿ ಇನ್ನೆಷ್ಟು ಅಲ್ಮಾಸಬಿಯರು ಇದ್ದಾರೋ ತಿಳಿಯದು. ಅವರು ಕೋಷ್ಟಕವನ್ನು ಅಚ್ಚಿಗೆ ಕಳಿಸದೆ ತಡೆಹಿಡಿದರು. ಮೇಲಿನವರು ಗದರಿದರು, ಬಡ್ತಿ ತಪ್ಪಿತು. ಗಂಡುಮಕ್ಕಳ ಅಂಕಿಗಳನ್ನು ಉಳಿಸಿಕೊಂಡು ಹೆಣ್ಣುಮಕ್ಕಳ ಅಂಕಿಗಳನ್ನು ಪೂರ್ತಿ ಕೈಬಿಟ್ಟು, ಅಳೆದಿದ್ದ ಪ್ರತಿ ಹುಡುಗಿಯ ಮನೆಗೂ ಮತ್ತೆ ಹೊರಟರು. ಈಗ ಯಂತ್ರ ಶಾಲೆಯ ಅಂಗಳದಲ್ಲಿರಲಿಲ್ಲ. ಮನೆಯ ಒಳಕೋಣೆಯಲ್ಲಿ ತಾಯಿಯ ಎದುರಿಗೆ ಅಕ್ಕೋರು ತೂಗುತ್ತಿದ್ದರು. ನೀಲಪ್ಪನವರು ಕೂಗುವುದನ್ನು ಬಿಟ್ಟು ಬೆರಳೆಣಿಸಿ ತೋರಿಸುವುದನ್ನು ಕಲಿತರು. ಪಾಪ, ಆ ಗಂಟಲಿಗೆ ಅದೊಂದು ದೊಡ್ಡ ವ್ರತವೇ ಆಗಿತ್ತು.

ಕೋಟುಮಚಗಿಯಲ್ಲಿ, ಬೆಟಗೇರಿಯಲ್ಲಿ ಎಲ್ಲ ಹುಡುಗಿಯರೂ ಕ್ಷೇಮವಾಗಿದ್ದರು. ಒಂದೊಂದು ಮನೆ ಮುಗಿದಾಗಲೂ ವೈದ್ಯರ ಮುಖ ಒಂದಿಷ್ಟು ಸಡಿಲವಾಗುತ್ತಿತ್ತು. ಕೊನೆಗೆ ಮುಂಡರಗಿ ಕಡೆಯ ಹಿರೇವಡ್ಡಟ್ಟಿಗೆ ಬಂದರು. ಅಲ್ಲಿ ಗದಿಗೆವ್ವ ಎಂಬ ಒಕ್ಕಲಗಿತ್ತಿ ಬಂದವರನ್ನು ಕೂರಿಸಿ, ನೀರು ಕೊಟ್ಟು, ತಲೆಬಾಗಿಲಿಗೆ ಒರಗಿ ನಿಂತಳು.

"ದೊಡ್ಡಾಕಿನ್ನ ನೋಡಾಕ ಬಂದ್ರೇನ್ರಿ? ಆಕಿ ಹ್ವಾದ ವರ್ಷ ಹಂಗಽ ಸೊರಗಿ ಸೊರಗಿ ಹೋದಳ್ರಿ. ನೀವು ತೂಗಿ ಬರದು ಕೊಟ್ಟ ಕಾಗದದಾಗ ಚಲೋ ಅದಾಳ ಅಂತ ಇತ್ತಲ್ಲ, ಹಂಗಾಗಿ ದವಾಖಾನಿಗೆ ಒಯ್ಲಿಲ್ಲ."

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಸೊರಟೂರರು ಬಹುಕಾಲ ಹೇಳುತ್ತಿದ್ದರು. ಡಾಬನ್ನು ಕಟ್ಟಿದವಳು ತಾನೇ ಎಂದು ಆಕೆಯೂ ಹೇಳಲಿಲ್ಲ, ಕೇಳುವ ಧೈರ್ಯ ಅವರಿಗೂ ಬರಲಿಲ್ಲ. ಗುಡ್ಡದಂಥ ದುಃಖವನ್ನು ಇಬ್ಬರೂ ನುಂಗಿಕೊಂಡು ಮಳೆ ಬೆಳೆಯ ಮಾತನಾಡಿದ ಮೇಲೆ ವೈದ್ಯರು ಎದ್ದು ಬಂದರು.

ಹುಡುಗಿಯರ ಹೊಸ ಕೋಷ್ಟಕ ೧೯೮೬ರಲ್ಲಿ ಮುಗಿಯಿತು. ಈಗ ನಮ್ಮ ಈ ಭಾಗದ ಶಾಲೆಗಳಲ್ಲೆಲ್ಲ ಅದನ್ನೇ ಹಿಡಿದು ನೋಡುತ್ತಾರೆ. ಒಂದು ಸಲದ ತೂಕ ನಂಬಿ ಯಾರನ್ನೂ ಆರೋಗ್ಯವಂತರೆಂದು ಬರೆಯಬಾರದು, ತೋಳನ್ನೂ ನೋಡಿ, ಹಿಂದಿನದರ ಜೊತೆ ಹೋಲಿಸಿ, ತಾಯಿಯನ್ನು ಒಂದು ಮಾತು ಕೇಳಬೇಕು ಎಂದು ಅದರ ಮೊದಲ ಪುಟದಲ್ಲಿಯೇ ಅಚ್ಚಾಗಿದೆ. ಕಿರಿಯ ವೈದ್ಯರು ಅದನ್ನು ಸೊರಟೂರರ ಅಂಜುಬುರುಕತನ ಎನ್ನುತ್ತಾರೆ. ಎನ್ನಲಿ.

ನಿವೃತ್ತರಾದವರಿಗೆ ನಿಶ್ಚಿಂತೆಯ ದಿನಗಳನ್ನು ಹಾರೈಸುವುದು ಲೋಕದ ಪದ್ಧತಿ. ನಮಗೆ ಆ ಮನಸ್ಸಾಗುವುದಿಲ್ಲ. ಪಿಂಚಣಿಯ ಕಾಗದಕ್ಕೆ ಸಹಿ ಹಾಕಿದ ಮರುವಾರವೇ ಅವರು ಹಿರೇವಡ್ಡಟ್ಟಿಯ ಶಾಲೆಯ ಹೆಡ್‌ಮಾಸ್ತರರನ್ನು ಕಂಡು, ತಿಂಗಳಿಗೊಮ್ಮೆ ತಮ್ಮ ಖರ್ಚಿನಲ್ಲಿಯೇ ಬರುವುದಾಗಿ ಒಪ್ಪಿಸಿ ಬಂದಿದ್ದಾರೆ. ಅಕ್ಕ ತೀರಿದಾಗ ಇನ್ನೂ ಅಂಬೆಗಾಲಿಡುತ್ತಿದ್ದ ಗದಿಗೆವ್ವನ ಕಿರಿಯ ಮಗಳು ಈಗ ಅಲ್ಲಿ ಓದುತ್ತಿದ್ದಾಳೆ. ಆ ಮನೆಯ ದೊಡ್ಡ ಮಗಳು ಕಾಣದೇ ಹೋದ ವಯಸ್ಸನ್ನು ಈ ಹುಡುಗಿ ದಾಟಿ ಬೆಳೆಯಲಿ; ಅದನ್ನು ಕಣ್ಣಾರೆ ನೋಡುವಷ್ಟು ಆಯುಷ್ಯವನ್ನೂ, ಅದರಾಚೆ ನೂರು ತುಂಬುವಷ್ಟನ್ನೂ ಭಗವಂತ ನಮ್ಮ ಡಾಕ್ಟರಿಗೆ ಕೊಡಲಿ.